ತಾಹೋದಲ್ಲಿ ಹಿಮದ ರಜೆ: ನಾರ್ತ್‌ಸ್ಟಾರೋ, ಪ್ಯಾಲಿಸೇಡ್ಸೋ?

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಕುಟುಂಬಗಳಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಚಳಿಗಾಲದ ರಜೆಯ ಮಾತು ಶುರುವಾಗುತ್ತದೆ. ತಾಹೋ ಸರೋವರದ ಉತ್ತರ ದಂಡೆಯ ಕಡೆಗೆ ಎಂದು ನಿಶ್ಚಯವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಅಲ್ಲಿನ ಎರಡು ಸ್ಕೀ ರಿಸಾರ್ಟುಗಳಲ್ಲಿ ನಾರ್ತ್‌ಸ್ಟಾರ್‌ಗೆ ಹೋಗುವುದೋ, ಪ್ಯಾಲಿಸೇಡ್ಸ್ ತಾಹೋಗೆ ಹೋಗುವುದೋ? ಎರಡೂ ಟ್ರಕ್ಕಿ ಪಟ್ಟಣದ ನೆರೆಯಲ್ಲಿಯೇ ಇವೆ. ಒಂದಕ್ಕೆ 267ನೇ ಹೆದ್ದಾರಿ, ಇನ್ನೊಂದಕ್ಕೆ 89ನೇ ಹೆದ್ದಾರಿ. ರಸ್ತೆ ತೆರವಾಗಿದ್ದರೆ ಪಟ್ಟಣದಿಂದ ಎರಡಕ್ಕೂ ಅರ್ಧ ಗಂಟೆಯೊಳಗೆ ತಲುಪಬಹುದು. ಇಷ್ಟು ಹತ್ತಿರದಲ್ಲಿದ್ದರೂ ಇವೆರಡರ ಸ್ವಭಾವ ತೀರ ಬೇರೆ. ಎರಡೂ ಕಡೆ ಕುಟುಂಬದೊಂದಿಗೆ ಹೋಗಿಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಸ್ಕೀಯಿಂಗ್ ಬಲ್ಲವರು ಯಾರೋ, ಅವರನ್ನು ನೋಡಿ ರಿಸಾರ್ಟ್ ಆರಿಸಬೇಕು. ಚೆನ್ನಾಗಿ ಬಲ್ಲವರು ಎಲ್ಲಿ ಬಿಟ್ಟರೂ ಸಂತೋಷವಾಗಿರುತ್ತಾರೆ. ಬಾರದವರಿಗೆ ಮೊದಲ ದಿನ ಕೆಟ್ಟರೆ ಇಡೀ ರಜೆಯೇ ಕೆಟ್ಟಂತೆ.

ಕಲಿಯುವವರಿಗೆ ನಾರ್ತ್‌ಸ್ಟಾರ್ ಉತ್ತಮವೆಂಬುದರಲ್ಲಿ ನನಗೆ ಸಂದೇಹವಿಲ್ಲ. 1972ರಲ್ಲಿ ಶುರುವಾದ ಈ ರಿಸಾರ್ಟಿನ ಬುಡದಲ್ಲಿರುವ ವಿಲೇಜ್ ಸುಮಾರು 6,300 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಅಲ್ಲಿಂದ ಗೊಂಡೋಲಾ, ಅಂದರೆ ತಂತಿಯ ಮೇಲೆ ಸಾಗುವ ಮುಚ್ಚಿದ ಡಬ್ಬಿ, ಹತ್ತಿದರೆ ಬೆಟ್ಟದ ನಡುಭಾಗಕ್ಕೆ ತಂದು ಬಿಡುತ್ತದೆ. ಹೊಸಬರ ಇಳಿಜಾರುಗಳು ಇರುವುದು ಅಲ್ಲಿಯೇ. ಮೊದಲು ನಿಂತ ಜಾಗದಲ್ಲಿಯೇ ಜನರನ್ನು ನಿಧಾನವಾಗಿ ಮೇಲಕ್ಕೆ ಒಯ್ಯುವ ಮ್ಯಾಜಿಕ್ ಕಾರ್ಪೆಟ್ ಎಂಬ ಚಲಿಸುವ ಪಟ್ಟಿ, ಆಮೇಲೆ ಚಿಕ್ಕ ಕುರ್ಚಿ ಲಿಫ್ಟ್, ಅದಾದ ಮೇಲೆ ಹಸಿರು ವೃತ್ತದ ಗುರುತಿರುವ ಅಗಲವಾದ ಸುಲಭ ದಾರಿಗಳು. ಒಂದು ಮೆಟ್ಟಿಲು ದಾಟಿದವರಿಗೆ ಮುಂದಿನ ಮೆಟ್ಟಿಲು ಕಣ್ಣೆದುರಿಗೇ ಇರುತ್ತದೆ. ರಾತ್ರಿ ಯಂತ್ರಗಳಿಂದ ಹಿಮವನ್ನು ಸಮಮಾಡುವ ಕೆಲಸವನ್ನು ಇಲ್ಲಿ ಶ್ರದ್ಧೆಯಿಂದ ಮಾಡುತ್ತಾರೆ. ಆದ್ದರಿಂದ ಬೆಳಿಗ್ಗೆ ಹೋದವರ ಸ್ಕೀಗಳ ಕೆಳಗೆ ಏರುತಗ್ಗುಗಳಿಲ್ಲದ, ಸಣ್ಣ ಗೆರೆಗಳು ಮೂಡಿದ ಹಿಮ ಸಿಗುತ್ತದೆ, ಮತ್ತು ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಮೊದಲ ದಿನ ಯಾವ ರಿಸಾರ್ಟಿಗೇ ಹೋದರೂ ತರಗತಿಗೆ ಸೇರುವುದು ಒಳ್ಳೆಯದು. ಗಂಡ ಹೆಂಡತಿಗೆ, ತಂದೆ ಮಕ್ಕಳಿಗೆ ಕಲಿಸಲು ಹೋಗಿ ಬೆಟ್ಟದ ಮೇಲೆ ಜಗಳವಾಡುವುದನ್ನು ನೋಡಿದಾಗ ನನಗೆ ಮರುಕವಾಗುತ್ತದೆ. ತರಬೇತುದಾರರು ಮಕ್ಕಳಿಗೆ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂದುಗಡೆಯನ್ನು ಅಗಲಿಸಿ, ಪಿಜ್ಜಾದ ತುಂಡಿನ ಆಕಾರ ಮಾಡಲು ಹೇಳಿಕೊಡುತ್ತಾರೆ. ಆ ಆಕಾರದಲ್ಲಿ ಸ್ಕೀಗಳ ಒಳ ಅಂಚುಗಳು ಹಿಮವನ್ನು ಕಚ್ಚುವುದರಿಂದ ವೇಗ ತಗ್ಗುತ್ತದೆ. ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ. ದೊಡ್ಡವರು ಬೀಳುವ ಭಯದಿಂದ ಹಿಂದಕ್ಕೆ ವಾಲುತ್ತಾರೆ, ಹಿಂದಕ್ಕೆ ವಾಲಿದ ಕೂಡಲೇ ಸ್ಕೀಗಳು ಮಾತು ಕೇಳುವುದಿಲ್ಲ. ಬಾಡಿಗೆ ಬೂಟಿನ ವಿಷಯದಲ್ಲಿಯೂ ಅವಸರ ಬೇಡ. ತೆಳುವಾದ ಒಂದೇ ಜೊತೆ ಕಾಲುಚೀಲ ಹಾಕಿಕೊಂಡು, ನೇರವಾಗಿ ನಿಂತಾಗ ಬೆರಳುಗಳು ಬೂಟಿನ ತುದಿಗೆ ಸೋಕಬೇಕು, ಮೊಣಕಾಲು ಬಾಗಿಸಿ ಮುಂದಕ್ಕೆ ವಾಲಿದಾಗ ಸ್ವಲ್ಪ ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಚಳಿಯೆಂದು ಎರಡು ದಪ್ಪ ಕಾಲುಚೀಲ ಹಾಕಿಕೊಂಡವರ ಕಾಲುಗಳಿಗೆ ರಕ್ತದ ಓಡಾಟ ಕಡಿಮೆಯಾಗಿ ಚಳಿ ಇನ್ನೂ ಹೆಚ್ಚುತ್ತದೆ.

ನಾರ್ತ್‌ಸ್ಟಾರ್‌ನ ಕೊರತೆಯೆಂದರೆ ಎಲ್ಲರೂ ಒಂದೇ ಬಾಗಿಲಿನಿಂದ ಹೋಗಿ ಬರುವುದು. ದೂರದ ಮೈದಾನದಲ್ಲಿ ಕಾರು ನಿಲ್ಲಿಸಿದವರು ಬಸ್ಸು ಹತ್ತಿ, ವಿಲೇಜಿನೊಳಗೆ ಭಾರದ ಬೂಟಿನಲ್ಲಿ ನಡೆದು, ಗೊಂಡೋಲಾದ ಸಾಲಿನಲ್ಲಿ ನಿಲ್ಲಬೇಕು. ರಜಾದಿನಗಳಲ್ಲಿ ಈ ಸಾಲು ತಾಳ್ಮೆಯನ್ನು ಪರೀಕ್ಷಿಸುತ್ತದೆ. ಸ್ಕೀ ಬಲ್ಲವರು ಈ ಬೆಟ್ಟ ತೀರ ಸಪಾಟು ಎಂದು ಹೀಗಳೆಯುವುದೂ ಉಂಟು. ಅದು ಪೂರ್ತಿ ನ್ಯಾಯವಲ್ಲ. 8,610 ಅಡಿಯ ಮೌಂಟ್ ಪ್ಲೂಟೋದ ಹಿಂಬದಿಯಲ್ಲಿ ಕಪ್ಪು ವಜ್ರದ ಗುರುತಿರುವ, ಅಂದರೆ ಕಠಿಣವಾದ, ಉದ್ದನೆಯ ಇಳಿಜಾರುಗಳಿವೆ, ಮರಗಳ ನಡುವೆ ನುಸುಳಿ ಇಳಿಯುವ ಜಾಗಗಳಿವೆ. ಆದರೆ ಕಡಿದಾದ ಬಂಡೆಗಳ ಸಾಹಸ ಬೇಕೆನ್ನುವವರಿಗೆ ಅದು ಸಾಲದು ಎಂಬುದು ನಿಜ.

ಪ್ಯಾಲಿಸೇಡ್ಸ್ ಇರುವುದೇ ಅಂಥವರಿಗಾಗಿ. 1949ರಲ್ಲಿ ಶುರುವಾಗಿ, 1960ರ ಚಳಿಗಾಲದ ಒಲಿಂಪಿಕ್ಸ್‌ಗೆ ಆತಿಥ್ಯ ನೀಡಿದ ಕಣಿವೆ ಇದು. ಆಗಿನ ಉದ್ಘಾಟನೆ ಮತ್ತು ಸಮಾರೋಪದ ಹೊಣೆ ಹೊತ್ತವರು ವಾಲ್ಟ್ ಡಿಸ್ನಿ. ಕಣಿವೆಯ ಬಾಗಿಲಿನಲ್ಲಿ ಐದು ಉಂಗುರಗಳು ಇಂದಿಗೂ ನಿಂತಿವೆ. ಸ್ಥಳೀಯ ಮೂಲನಿವಾಸಿ ಮಹಿಳೆಯರನ್ನು ಅವಮಾನಿಸುವ ಪದವಿದ್ದ ಹಳೆಯ ಹೆಸರನ್ನು 2021ರಲ್ಲಿ ಕೈಬಿಟ್ಟು ಈಗಿನ ಹೆಸರು ಇಟ್ಟರು, ಅದು ಆಗಲೇಬೇಕಾಗಿದ್ದ ಕೆಲಸವಾಗಿತ್ತು. ಬೆಟ್ಟದ ಬುಡದಿಂದಲೇ ಎದ್ದು ನಿಲ್ಲುವ ಕೆಟಿ-22 ಎಂಬ ಶಿಖರದ ಕಥೆ ಕೇಳಿದರೆ ಈ ಜಾಗದ ಗುಣ ತಿಳಿಯುತ್ತದೆ: ರಿಸಾರ್ಟಿನ ಸ್ಥಾಪಕರಲ್ಲಿ ಒಬ್ಬರಾದ ವೇಯ್ನ್ ಪೌಲ್ಸನ್ ಅವರ ಪತ್ನಿ ಸ್ಯಾಂಡಿ, ಅಲ್ಲಿಂದ ಕೆಳಗಿಳಿಯಲು ನಿಂತು ನಿಂತು 22 ಸಲ ಕಾಲೆತ್ತಿ ದಿಕ್ಕು ತಿರುಗಿಸಬೇಕಾಯಿತಂತೆ. ಪಕ್ಕದ ಆಲ್ಪೈನ್ ಮೆಡೋಸ್ ಕೂಡ ಇದೇ ಸಂಸ್ಥೆಯ ಕೈಯಲ್ಲಿದೆ. 2022ರ ಡಿಸೆಂಬರಿನಲ್ಲಿ ಆರಂಭವಾದ ಗೊಂಡೋಲಾ ಎರಡು ಕಣಿವೆಗಳನ್ನು ಜೋಡಿಸಿದ್ದರಿಂದ ಒಂದೇ ಟಿಕೆಟಿನಲ್ಲಿ ಸುಮಾರು 6,000 ಎಕರೆ ಬೆಟ್ಟ ಸಿಗುತ್ತದೆ. ನಾರ್ತ್‌ಸ್ಟಾರ್‌ನದು ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ನೀಲಿ ಚೌಕದ ಗುರುತಿರುವ ಮಧ್ಯಮ ದರ್ಜೆಯ ದಾರಿಗಳನ್ನು ಧೈರ್ಯವಾಗಿ ಇಳಿಯಬಲ್ಲವರು ತಂಡದಲ್ಲಿ ಹೆಚ್ಚಿದ್ದರೆ ನಾನು ಕಣ್ಣುಮುಚ್ಚಿ ಪ್ಯಾಲಿಸೇಡ್ಸ್ ಆರಿಸುತ್ತೇನೆ. ಮರಗಳ ಸಾಲು ಮುಗಿದ ಮೇಲೆ ತೆರೆದುಕೊಳ್ಳುವ ಬಟ್ಟಲಿನಂಥ ಹರವುಗಳು, ಅಲ್ಲಿಂದ ಕಾಣುವ ನೀಲಿ ತಾಹೋ, ಎಲ್ಲಿಂದ ಬೇಕಾದರೂ ಇಳಿಯುವ ಸ್ವಾತಂತ್ರ್ಯ, ಇವು ನಾರ್ತ್‌ಸ್ಟಾರ್‌ನಲ್ಲಿ ಇಷ್ಟರಮಟ್ಟಿಗೆ ಸಿಗುವಂಥವಲ್ಲ. ಕಲಿಯುವವರಿಗೆ ಇಲ್ಲಿ ಜಾಗವೇ ಇಲ್ಲವೆಂದಲ್ಲ. ಆದರೆ ಸುಲಭ ದಾರಿಗಳು ಒಂದೆಡೆ ಒಟ್ಟಾಗಿಲ್ಲ, ಕೆಲವು ಬುಡದಲ್ಲಿದ್ದರೆ ಕೆಲವು 8,200 ಅಡಿಯ ಹೈ ಕ್ಯಾಂಪ್ ಸುತ್ತಮುತ್ತ ಇವೆ, ಮತ್ತು ಮೇಲಿನಿಂದ ಬುಡದವರೆಗೆ ಸ್ಕೀ ಮಾಡಿಕೊಂಡೇ ಬರಬೇಕೆಂದರೆ ಹೊಸಬರ ಶಕ್ತಿಗೆ ಮೀರಿದ ದಾರಿ ಎದುರಾಗುತ್ತದೆ. ಅಂಥವರು ಲಿಫ್ಟಿನಲ್ಲೇ ಇಳಿದು ಬರುವುದು ಸರಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಊರಿನಿಂದ ಅಪ್ಪ-ಅಮ್ಮ ಬಂದಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸ್ಕೀ ಮಾಡದವರನ್ನೂ ಬೆಟ್ಟದ ಮೇಲಕ್ಕೆ ಕರೆದೊಯ್ಯುವ ಪ್ಯಾಲಿಸೇಡ್ಸ್‌ನ ಏರಿಯಲ್ ಟ್ರಾಮ್ ನಿಜಕ್ಕೂ ನೋಡಬೇಕಾದದ್ದು. ನೂರಕ್ಕೂ ಹೆಚ್ಚು ಜನರನ್ನು ಹೊತ್ತ ಡಬ್ಬಿ ಬಂಡೆಗಳ ಪಕ್ಕದಲ್ಲೇ ತೇಲುತ್ತ ಮೇಲೇರುವಾಗ, ಕಂಬ ದಾಟಿದ ಕೂಡಲೇ ಒಮ್ಮೆ ತೂಗುತ್ತದೆ, ಒಳಗಿದ್ದವರೆಲ್ಲ ಒಟ್ಟಿಗೆ ಉದ್ಗರಿಸುತ್ತಾರೆ. ಎಪ್ಪತ್ತು ದಾಟಿದವರಿಗೂ ಹಿಮಾಲಯದಂಥ ನೋಟ ಕೆಲವೇ ನಿಮಿಷಗಳಲ್ಲಿ ದಕ್ಕುತ್ತದೆ. ಆದರೆ ಉಸಿರಾಟದ ಅಥವಾ ಹೃದಯದ ತೊಂದರೆ ಇರುವವರು 8,200 ಅಡಿಗೆ ಹೋಗುವ ಮುನ್ನ ವೈದ್ಯರನ್ನು ಕೇಳಲೇಬೇಕು. ಇಡೀ ದಿನ ಆರಾಮವಾಗಿ ಕುಳಿತುಕೊಳ್ಳಲು ಮಾತ್ರ ನಾರ್ತ್‌ಸ್ಟಾರ್‌ನ ವಿಲೇಜ್ ಮೇಲು. ನಡುವೆ ಐಸ್ ಸ್ಕೇಟಿಂಗ್ ಅಂಗಳ, ಸುತ್ತಲೂ ಬೆಂಕಿಯ ಕುಂಡಗಳು ಮತ್ತು ಅಂಗಡಿಗಳು ಇರುವುದರಿಂದ ಅಜ್ಜಿ-ತಾತ ಬೆಚ್ಚಗೆ ಕುಳಿತು ಮೊಮ್ಮಕ್ಕಳ ಓಡಾಟ ನೋಡುತ್ತಿರಬಹುದು.

ಬಿರುಗಾಳಿ ಬೀಸಿದ ದಿನಗಳಲ್ಲಿಯೂ ನಾರ್ತ್‌ಸ್ಟಾರ್ ಒಂದು ಹೆಜ್ಜೆ ಮುಂದಿದೆ. ಪ್ಯಾಲಿಸೇಡ್ಸ್‌ನ ಮೇಲಿನ ಶಿಖರಗಳು ಬಯಲಿನಂತೆ ತೆರೆದಿರುವುದರಿಂದ ಗಾಳಿ ಜೋರಾದರೆ ಮೇಲಿನ ಲಿಫ್ಟುಗಳನ್ನು ನಿಲ್ಲಿಸುತ್ತಾರೆ. ನಾರ್ತ್‌ಸ್ಟಾರ್‌ನ ಇಳಿಜಾರುಗಳಿಗೆ ಮರಗಳ ಮರೆಯಿದೆ. ಹಿಮ ಸುರಿಯುವಾಗ ದಾರಿ ಕಾಣಲು ಆ ಮರಗಳೇ ನೆರವಾಗುತ್ತವೆ. ಆದರೆ ಅಂಥ ಬಿರುಗಾಳಿ ಕಳೆದು ಆಕಾಶ ತಿಳಿಯಾದ ಮರುದಿನ ಪ್ಯಾಲಿಸೇಡ್ಸ್‌ಗೆ ಸಾಟಿಯಿಲ್ಲ.

ಎರಡಕ್ಕೂ ಸಮಾನವಾದ ಕಷ್ಟವೆಂದರೆ ದಾರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಟ್ರಕ್ಕಿಗೆ ಸುಮಾರು 190 ಮೈಲಿ. ಇಂಟರ್‌ಸ್ಟೇಟ್ 80 ಹೆದ್ದಾರಿ 7,239 ಅಡಿಯ ಡಾನರ್ ಸಮಿಟ್ ದಾಟಿ ಹೋಗುತ್ತದೆ. ಹಿಮ ಬೀಳುವಾಗ ಚೈನ್ ಕಂಟ್ರೋಲ್, ಅಂದರೆ ಜಾರದಂತೆ ಚಕ್ರಗಳಿಗೆ ಸರಪಳಿ ಹಾಕಬೇಕೆಂಬ ನಿಯಮ, ಜಾರಿಗೆ ತರುತ್ತಾರೆ. ಆರ್-2 ಹಂತ ಬಂದರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ನಾಲ್ಕರಲ್ಲೂ ಹಿಮದ ಟೈರ್ ಇರುವ ವಾಹನಗಳ ಹೊರತು ಉಳಿದವು ಚೈನ್ ಹಾಕಿಕೊಂಡೇ ಮುಂದುವರಿಯಬೇಕು. ವಿನಾಯಿತಿ ಇರುವವರೂ ಚೈನ್ ಇಟ್ಟುಕೊಂಡಿರಬೇಕು. ರಸ್ತೆ ಬದಿಯಲ್ಲಿ ಪರವಾನಗಿ ಪಡೆದವರು ಹಣ ಪಡೆದು ಹಾಕಿಕೊಡುತ್ತಾರೆ, ಆದರೂ ಮನೆಯ ಮುಂದೆ ಒಣ ನೆಲದಲ್ಲಿ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳುವುದು ಕ್ಷೇಮ. ಶುಕ್ರವಾರ ಸಂಜೆ ಎಲ್ಲರೊಂದಿಗೆ ಹೊರಡುವ ಬದಲು ಒಂದು ದಿನ ರಜೆ ಹಾಕಿ ಗುರುವಾರವೇ ಹೋಗುವುದು ನನ್ನ ಸಲಹೆ.

ಇನ್ನು ಹಣದ ಮಾತು. ರಜಾದಿನದಲ್ಲಿ ಒಬ್ಬ ವಯಸ್ಕರ ಒಂದು ದಿನದ ಟಿಕೆಟ್ ಎರಡೂ ಕಡೆ 200 ಡಾಲರ್ ದಾಟುತ್ತದೆ, ಮುಂಗಡವಾಗಿ ಪಾಸ್ ಕೊಂಡರೆ ಮಾತ್ರ ಖರ್ಚು ಹದ್ದಿನಲ್ಲಿರುತ್ತದೆ. ನಾರ್ತ್‌ಸ್ಟಾರ್ ವೇಲ್ ರಿಸಾರ್ಟ್ಸ್ ಸಂಸ್ಥೆಗೆ ಸೇರಿದ್ದು, ಅಲ್ಲಿ ನಡೆಯುವುದು ಎಪಿಕ್ ಪಾಸ್. ಪ್ಯಾಲಿಸೇಡ್ಸ್‌ನಲ್ಲಿ ಐಕಾನ್ ಪಾಸ್. ಒಂದರ ಪಾಸ್ ಇನ್ನೊಂದರಲ್ಲಿ ನಡೆಯದ ಕಾರಣ ಅಲ್ಲೊಂದು ದಿನ, ಇಲ್ಲೊಂದು ದಿನ ಎಂಬ ಯೋಜನೆ ದುಬಾರಿಯಾಗುತ್ತದೆ. ಕಡಿಮೆ ಬೆಲೆಯ ಪಾಸುಗಳಲ್ಲಿ ಕ್ರಿಸ್‌ಮಸ್ ವಾರ, ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರಾಂತ್ಯದಂಥ ದಿನಗಳಿಗೆ ನಿರ್ಬಂಧವಿರಬಹುದು. ಮಕ್ಕಳ ಶಾಲೆಗೆ ರಜೆ ಇರುವುದೂ ಆಗಲೇ ಆದ್ದರಿಂದ ಕೊಳ್ಳುವ ಮುನ್ನ ದಿನಾಂಕಗಳನ್ನು ಒಂದೊಂದಾಗಿ ಓದಿಕೊಳ್ಳಬೇಕು. ಬೆಲೆ ಬೇಸಿಗೆಯಿಂದ ಏರುತ್ತ ಹೋಗಿ ಡಿಸೆಂಬರಿನಲ್ಲಿ ಮಾರಾಟವೇ ನಿಲ್ಲುತ್ತದೆ. ಹೀಗಾಗಿ ದೀಪಾವಳಿ ಮುಗಿದ ಮೇಲೆ ಮಾತು ಶುರುಮಾಡುವುದಕ್ಕಿಂತ ಗಣೇಶ ಚೌತಿಯ ಹೊತ್ತಿಗೇ ತೀರ್ಮಾನಿಸಿ ಕೊಂಡುಬಿಡುವುದು ಲಾಭ. ಉಳಿದುಕೊಳ್ಳಲು ರಿಸಾರ್ಟಿನೊಳಗಿನ ಕೋಣೆಗಿಂತ ಟ್ರಕ್ಕಿಯಲ್ಲಿ ಅಡುಗೆಮನೆಯಿರುವ ಬಾಡಿಗೆ ಮನೆಯೇ ನಮ್ಮಂಥ ಕುಟುಂಬಗಳಿಗೆ ಅನುಕೂಲ: ಸಂಜೆ ದಣಿದು ಬಂದಾಗ ಬಿಸಿ ಅನ್ನ-ಸಾರು ಸಿಗುತ್ತದೆ, ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಎರಡರಲ್ಲಿ ಯಾವ ಬೆಟ್ಟಕ್ಕಾದರೂ ಹೊರಡಬಹುದು.