ಸಿದ್ದಾಪುರದ ಟಾರ್ಪಾಲು ಅಂಗಡಿಯ ಬೈಕ್ ಬ್ಯಾಗು: ನೇಪಾಳ, ಭೂತಾನ್ ಸುತ್ತಿ ಬಂದ ಮೇಲೆ

ಬೈಕ್ ಬ್ಯಾಗು ಕೊಳ್ಳೋರು ಮೊದಲು ಕೇಳೋದು ಎಷ್ಟು ಲೀಟರ್ ಹಿಡಿಯುತ್ತೆ, ಮಳೆ ತಡೆಯುತ್ತಾ ಅಂತ. ಗಡಿ ದಾಟಿ ಹೋಗೋರಿಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಸ್ಟಮ್ಸ್‌ನವರು "ತೆಗಿ" ಅಂದಾಗ ಎಷ್ಟು ಬೇಗ ಬಿಚ್ಚಿ ಮತ್ತೆ ಕಟ್ಟಬಹುದು, ಕಾಗದಪತ್ರ ಎಷ್ಟು ಸುಲಭಕ್ಕೆ ಕೈಗೆ ಸಿಗುತ್ತೆ ಅನ್ನೋದು. ಈ ಲೆಕ್ಕದಲ್ಲಿ ಕೊಡಗಿನ ಸಿದ್ದಾಪುರದಲ್ಲಿ ಹೊಲಿಸಿದ ಬ್ಯಾಗಿಗೆ ನಾನು ಪೂರ್ತಿ ಅಂಕ ಕೊಡ್ತೀನಿ. ಮಳೆಯ ಲೆಕ್ಕದಲ್ಲಿ ಸ್ವಲ್ಪ ಕಮ್ಮಿ.

ಅಂಗಡಿಗೆ ಬೋರ್ಡಿಲ್ಲ. ಲಾರಿ, ಪಿಕಪ್‌ಗಳಿಗೆ ಟಾರ್ಪಾಲು ಹೊಲಿಯೋದು ಅವರ ಕಸುಬು. ನಾನು ಹತ್ತಿರದ ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯೋನು. ಕಣದಲ್ಲಿ ಹರಡಿದ ಕಾಫಿ ಮುಚ್ಚೋಕೆ ನಮಗೂ ಅಲ್ಲಿಂದಲೇ ಟಾರ್ಪಾಲು ಬರೋದು, ಹಾಗಾಗಿ ಅಂಗಡಿಯ ಕಾಕ ಹಳೇ ಪರಿಚಯ. ಕಂಪನಿ ಬ್ಯಾಗೊಂದರ ಫೋಟೊ ಮೊಬೈಲಲ್ಲಿ ತೋರಿಸಿದೆ. ದೊಡ್ಡದು ಮಾಡಿ ನೋಡಿ, "ಬಾಯಿ ಚೆನ್ನಾಗಿದೆ ರೈಟ್ರೇ, ಅಡಿ ಸಾಲದು. ಕಲ್ಲು ಹೊಡೆಯೋದು ಅಡಿಗೆ" ಅಂದರು. ಅಡಿಗೆ ಎರಡು ಪದರ ಹಾಕಿದರು. ಆಮೇಲೆ ಹೊರಗೆ ಬಂದು ನನ್ನ ಹಿಮಾಲಯನ್ ಗಾಡಿಯನ್ನ ಒಂದು ಸುತ್ತು ನೋಡಿದರು. ಸೈಲೆನ್ಸರ್ ಬಲಗಡೆ ಮೇಲೆತ್ತಿಕೊಂಡಿರೋದರಿಂದ ಆ ಬದಿಯ ಬ್ಯಾಗು ಗಿಡ್ಡ ಮಾಡಿ, ಅದರ ಬೆನ್ನಿಗೆ ಅಲ್ಯೂಮಿನಿಯಂ ತಗಡು ಇಟ್ಟು ರಿವೆಟ್ ಹೊಡೆದರು. ನಾನು ಕೇಳಿದ್ದಲ್ಲ, ಅವರಿಗೇ ಹೊಳೆದದ್ದು. ಎರಡು ಬ್ಯಾಗು, ಟ್ಯಾಂಕ್ ಮೇಲೆ ಕೂರೋ ಒಂದು ಪೌಚು, ಎಲ್ಲ ಸೇರಿ 3,200 ರೂಪಾಯಿ.

ಆ ಪೌಚಿನ ಬೆಲೆ ಗೊತ್ತಾಗಿದ್ದು ಗೋರಖ್‌ಪುರ ದಾಟಿ ನೇಪಾಳದ ಗಡಿಯ ಸೊನೌಲಿಗೆ ಹೋದಾಗ. ಗೇಟಿನ ಆಚೆ ಬೆಲಹಿಯಾದಲ್ಲಿ ನೇಪಾಳದ ಕಸ್ಟಮ್ಸ್ ಕಚೇರಿ ಇದೆ, ಅಲ್ಲಿ ಅದನ್ನ ಭನ್ಸಾರ್ ಅಂತಾರೆ. ಎಷ್ಟು ದಿನ ಇರ್ತೀವೋ ಅಷ್ಟು ದಿನಕ್ಕೆ ದುಡ್ಡು ಕಟ್ಟಿ ಚೀಟಿ ತಗೋಬೇಕು. ನಮ್ಮ ಗಾಡಿಗೆ ವರ್ಷಕ್ಕೆ 30 ದಿನ ಮಿತಿ. ದಿನ ಮೀರಿದರೆ ದಂಡ, ದೇಶ ಬಿಡುವಾಗ ಚೀಟಿ ವಾಪಸ್ ಕೊಡಬೇಕು. ದಾರಿಯಲ್ಲಿ ಪೊಲೀಸರು ಕೇಳೋದೂ ಅದೇ ಚೀಟಿ. ಕಾಕ ಪೌಚಿನ ಮೇಲ್ಭಾಗಕ್ಕೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಕೂರಿಸಿದ್ದರು, ಚೀಟಿ ಅದರಡಿಯಲ್ಲೇ ಇಟ್ಟಿದ್ದೆ. ಬುಟ್ವಲ್‌ನಿಂದ ತಾನ್ಸೇನ್ ಘಾಟಿ ಹತ್ತುವಾಗ ಒಂದೇ ಸಮನೆ ಮಳೆ. ತಡೆದ ಪೊಲೀಸರು ಪ್ಲಾಸ್ಟಿಕ್ ಮೇಲಿನ ನೀರನ್ನ ಬೆರಳಲ್ಲಿ ಒರೆಸಿ, ಗಾಡಿ ನಂಬರ್ ಓದಿ, "ಹೋಗಿ" ಅಂತ ಕೈ ಮಾಡಿದರು. ನಾನು ಗ್ಲೌಸೂ ಬಿಚ್ಚಲಿಲ್ಲ.

ಪೌಚಿನ ಒಳಗಡೆ ಎರಡು ಖಾನೆ. ಒಂದರಲ್ಲಿ ಆರ್‌ಸಿ, ಲೈಸೆನ್ಸ್, ಪಾಸ್‌ಪೋರ್ಟ್. ಇನ್ನೊಂದರಲ್ಲಿ ಇನ್ಶೂರೆನ್ಸ್. ಇದನ್ನ ಒತ್ತಿ ಹೇಳ್ತೀನಿ: ನಮ್ಮ ಮಾಮೂಲಿ ಪಾಲಿಸಿ ಭಾರತದೊಳಗೆ ಮಾತ್ರ ನಡೆಯುತ್ತೆ. ನೇಪಾಳ, ಭೂತಾನ್ ಸೇರಿಸಿ ಅಂತ ಕಂಪನಿಗೆ ಕೇಳಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಬರಹದಲ್ಲಿ ತಗೊಂಡೇ ಹೊರಡಿ.

ಬ್ಯಾಗಿನ ಬಾಯಿ ಸುರುಳಿ ಸುತ್ತಿ ಕಟ್ಟೋ ಥರ, ಜಿಪ್ ಇಲ್ಲ. ನೇಪಾಳದ ಕಾಕರಭಿಟ್ಟಾದಿಂದ ಮೇಚಿ ಸೇತುವೆ ದಾಟಿ ನಮ್ಮ ಕಡೆಯ ಪಾನಿಟಂಕಿಗೆ ಬಂದಾಗ ಗಡಿ ಕಾಯೋ ಎಸ್‌ಎಸ್‌ಬಿಯವರು ಎರಡೂ ಬ್ಯಾಗು ತೆಗೆಸಿ ತಳದವರೆಗೂ ಕೈಯಾಡಿಸಿದರು. ಪಕ್ಕದಲ್ಲಿದ್ದ ಹುಡುಗನ ಬ್ಯಾಗಿನ ಜಿಪ್ ಧೂಳಿಗೆ ಕಚ್ಚಿಕೊಂಡು ಅವನು ಒದ್ದಾಡ್ತಿದ್ದಾಗ ನನ್ನದು ಕಟ್ಟಿ ಮುಗಿದಿತ್ತು.

ಇನ್ನು ಕೊರತೆ. ಸೂಜಿ ಹೋದ ಕಡೆಯೆಲ್ಲ ತೂತು ಇದ್ದೇ ಇರುತ್ತೆ. ಕಂಪನಿ ಬ್ಯಾಗುಗಳಲ್ಲಿ ಅಂಚನ್ನ ಬಿಸಿ ಮಾಡಿ ಅಂಟಿಸ್ತಾರೆ, ಆ ಮಷೀನ್ ಇಲ್ಲಿಲ್ಲ. ತಾನ್ಸೇನ್ ತಲುಪಿ ನೋಡಿದರೆ ಎಡ ಬ್ಯಾಗಿನ ಅಡಿ ಹೊಲಿಗೆಯಿಂದ ನೀರು ಇಳಿದು ಬಟ್ಟೆ ಒದ್ದೆಯಾಗಿತ್ತು. ಗೊಬ್ಬರದ ಚೀಲದೊಳಗೆ ಬರೋ ಪ್ಲಾಸ್ಟಿಕ್ ಕವರನ್ನ ತೊಳೆದು ಒಳಗೆ ಹಾಕಿಕೊಂಡರೆ ಆ ಚಿಂತೆ ಇಲ್ಲ. ಪ್ಲಾಸ್ಟಿಕ್ ಕ್ಲಿಪ್ಪುಗಳೂ ಗಟ್ಟಿ ಇಲ್ಲ, ಒಂದು ಸಿಲಿಗುರಿಯಲ್ಲೇ ಮುರಿಯಿತು. ಕಬ್ಬಿಣದ ಬಕಲ್ ಹಾಕಿ ಅಂತ ಮೊದಲೇ ಹೇಳಿ, ಹಾಕಿಕೊಡ್ತಾರೆ.

ಭೂತಾನಿನಲ್ಲಿ ಬ್ಯಾಗಿಗಿಂತ ಪೌಚಿಗೇ ಕೆಲಸ. ಗಡಿಯೂರು ಫುಂಟ್‌ಶೋಲಿಂಗ್‌ನಲ್ಲಿ ನಮಗೊಂದು ಪರ್ಮಿಟ್, ಗಾಡಿಗೊಂದು ಪರ್ಮಿಟ್, ಜೊತೆಗೆ ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಕಟ್ಟಿದ ರಸೀದಿ. ಊರು ಬಿಟ್ಟು ಮೇಲೆ ಹತ್ತಿದರೆ ರಿಂಚೆಂಡಿಂಗ್ ಚೆಕ್‌ಪೋಸ್ಟಿನಲ್ಲಿ ಮತ್ತೆ ತೋರಿಸಬೇಕು.

ಈ ಎರಡು ದೇಶಕ್ಕೆ ನಮ್ಮ ಗಾಡಿಗೆ ಕಾರ್ನೆ (ಸುಂಕ ಕಟ್ಟದೆ ಗಾಡಿಯನ್ನ ಸ್ವಲ್ಪ ಕಾಲ ಬೇರೆ ದೇಶಕ್ಕೆ ಒಯ್ಯೋ ಕಸ್ಟಮ್ಸ್ ದಾಖಲೆ) ಬೇಡ. ಇರಾನ್ ಕಡೆಗೋ ಬಾಂಗ್ಲಾದೇಶಕ್ಕೋ ಹೋಗೋರಿಗೆ ಬೇಕು. ಅದು ದೊಡ್ಡ ಪುಸ್ತಕ. ಪ್ರತಿ ಹಾಳೆಯಲ್ಲೂ ಒಳಗೆ ಬಂದಿದ್ದಕ್ಕೊಂದು, ಹೊರಗೆ ಹೋಗಿದ್ದಕ್ಕೊಂದು ಚೀಟಿ ಹರಿದುಕೊಂಡು, ಉಳಿದ ಭಾಗಕ್ಕೆ ಸೀಲು ಹಾಕ್ತಾರೆ. ನನ್ನ ಪೌಚಿನಲ್ಲಿ ಅದನ್ನ ಮಡಚದೆ ಇಡೋಕಾಗಲ್ಲ, ದೊಡ್ಡದು ಹೊಲಿಸಿ.

ಹೊಲಿಸೋದಾದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೋಗಬೇಡಿ. ಆಗ ಕುಯ್ಲು, ಕಣದ ಟಾರ್ಪಾಲು ಕೆಲಸವೇ ಅಂಗಡಿ ತುಂಬ ಇರುತ್ತೆ. ಗಾಡಿ ಜೊತೆಗೇ ಹೋಗಿ. ಚೀಟಿಯಲ್ಲಿ ಅಳತೆ ಬರೆದುಕೊಟ್ಟರೆ ಕಾಕ ಕತ್ತರಿ ಮುಟ್ಟಲ್ಲ.