ಹಿಂಬದಿಯ ಚೀಟಿಯನ್ನು ನಂಬಿ ಕೊಂಡ ರಿಯೋಹಾ ರೆಸೆರ್ವ 2019

ಸ್ಪೇನಿನ ರಿಯೋಹಾ ಪ್ರದೇಶದ ಈ ಕೆಂಪು ವೈನಿನ ಬಾಟಲಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮುಂಬದಿಯ ಚಿನ್ನದ ಬಣ್ಣದ ‘ವಿಶೇಷ ಆಯ್ಕೆ’ ಎಂಬ ಪದಗಳು. ನಾನು ಅವಕ್ಕೆ ಮರುಳಾಗಲಿಲ್ಲ. ಹಿಂಬದಿಯಲ್ಲಿ ಅಂಚೆಚೀಟಿಗಿಂತ ತುಸು ದೊಡ್ಡದಾದ, ಕ್ರಮಸಂಖ್ಯೆಯುಳ್ಳ ಕಡುಗೆಂಪು ಚೀಟಿಯೊಂದಿದೆ. ಅದನ್ನು ನೀಡುವುದು ತಯಾರಕರಲ್ಲ, ರಿಯೋಹಾದ ನಿಯಂತ್ರಣ ಮಂಡಳಿ. ನಾನು ಈ ಬಾಟಲಿಯನ್ನು ಕೊಂಡದ್ದು ಆ ಚೀಟಿಯನ್ನು ನೋಡಿ.

ಅದರ ಮೇಲಿನ ‘ರೆಸೆರ್ವ’ ಎಂಬ ಪದಕ್ಕೆ ಕಾನೂನಿನಲ್ಲಿ ಖಚಿತ ಅರ್ಥವಿದೆ. ಕೆಂಪು ವೈನ್ ಆ ಹೆಸರು ಹೊರಬೇಕಾದರೆ ಒಟ್ಟು 36 ತಿಂಗಳು ಮಾಗಿರಬೇಕು. ಅದರಲ್ಲಿ ಕನಿಷ್ಠ 12 ತಿಂಗಳು ಓಕ್ ಪೀಪಾಯಿಯಲ್ಲಿ, 6 ತಿಂಗಳು ಬಾಟಲಿಯಲ್ಲಿ ಕಳೆದಿರಬೇಕು. ಅಮೆರಿಕದ ಬಾಟಲಿಗಳ ಮೇಲೆ ಕಾಣುವ ‘ರಿಸರ್ವ್’ ಪದಕ್ಕಾದರೋ ಅಲ್ಲಿನ ಒಕ್ಕೂಟ ಸರ್ಕಾರದ ನಿಯಮಗಳು ಯಾವ ವ್ಯಾಖ್ಯೆಯನ್ನೂ ಕೊಟ್ಟಿಲ್ಲ. ಕೇಳಲು ಅವಳಿಗಳಂತಿರುವ ಈ ಪದಗಳಲ್ಲಿ ಒಂದು ಷರತ್ತು, ಇನ್ನೊಂದು ಬರೀ ಅಲಂಕಾರ. ‘2019’ ಎಂಬ ಅಂಕಿಯೂ ಬಾಯಿಮಾತಲ್ಲ: ಐರೋಪ್ಯ ಒಕ್ಕೂಟದ ನಿಯಮದಂತೆ ಕನಿಷ್ಠ ಶೇ. 85ರಷ್ಟು ದ್ರಾಕ್ಷಿ ಆ ವರ್ಷದ್ದೇ ಆಗಿರಬೇಕು.

‘ಮೂಲದಲ್ಲೇ ಬಾಟಲಿಗೆ ತುಂಬಿದ್ದು’ ಎಂಬ ಸಾಲನ್ನು ಹೆಚ್ಚಿನವರು ಓದದೆ ಬಿಡುತ್ತಾರೆ, ಆದರೆ ಅದರ ಹಿಂದೊಂದು ವ್ಯಾಜ್ಯವಿದೆ. ರಿಯೋಹಾ ವೈನನ್ನು ಆ ಪ್ರದೇಶದಲ್ಲೇ ಬಾಟಲಿಗೆ ತುಂಬಬೇಕೆಂಬ ನಿಯಮ ಮುಕ್ತ ವ್ಯಾಪಾರಕ್ಕೆ ಅಡ್ಡಿ ಎಂದು ಬೆಲ್ಜಿಯಂ ತಕರಾರು ತೆಗೆದಾಗ, ಗುಣಮಟ್ಟವನ್ನೂ ಹೆಸರನ್ನೂ ಕಾಯಲು ಅದು ಅಗತ್ಯವೆಂದು ಐರೋಪ್ಯ ನ್ಯಾಯಾಲಯ 2000ರಲ್ಲಿ ಎತ್ತಿಹಿಡಿಯಿತು. ದೂರದ ಗೋದಾಮಿನ ಟ್ಯಾಂಕರಿನಿಂದ ತುಂಬಿದ ವೈನಿಗೆ ಈ ಚೀಟಿ ಅಂಟುವಂತಿಲ್ಲ.

ಅಸಮಾಧಾನವೂ ಇದೆ. ವೈನ್ ಕೆಡದಂತೆ ಕಾಯುವ ಗಂಧಕದ ಸಂಯುಕ್ತಗಳ ಬಗ್ಗೆ ‘ಸಲ್ಫೈಟ್‌ಗಳನ್ನು ಒಳಗೊಂಡಿದೆ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದಾರೆ. ಲೀಟರಿಗೆ 10 ಮಿಲಿಗ್ರಾಂ ಮೀರಿದರೆ ಈ ಸಾಲು ಕಡ್ಡಾಯ, ಇಂಥ ಒಣ, ಅಂದರೆ ಸಿಹಿಯಿಲ್ಲದ, ಕೆಂಪು ವೈನಿಗೆ ಸಾಮಾನ್ಯ ಗರಿಷ್ಠ ಮಿತಿ 150. ನನ್ನ ಲೋಟದಲ್ಲಿರುವುದು ಹನ್ನೊಂದೋ ನೂರ ನಲವತ್ತೋ ತಿಳಿಯದು. ಪದಾರ್ಥಗಳ ಪಟ್ಟಿಯೂ ಇಲ್ಲ. ಅದನ್ನು ಕಡ್ಡಾಯಗೊಳಿಸಿದ ನಿಯಮ 2023ರ ಡಿಸೆಂಬರ್ 8ರಿಂದ ಜಾರಿಗೆ ಬಂದದ್ದರಿಂದ, ಅದಕ್ಕೆ ಮೊದಲೇ ತಯಾರಾದ ಈ ವೈನಿಗೆ ವಿನಾಯಿತಿ ಇದೆ. ತಯಾರಕರದು ಕಾನೂನಿನ ಪ್ರಕಾರ ತಪ್ಪಲ್ಲ, ಆದರೂ ಸ್ವಂತ ಇಚ್ಛೆಯಿಂದ ಹೇಳಬಹುದಿತ್ತು.

ಇನ್ನು ರುಚಿಯ ಮಾತು. ಬಿರಡೆ ತೆಗೆದ ಕೂಡಲೇ ಓಕ್ ಮರದ ವಾಸನೆ ಮುಂದೆ ನುಗ್ಗುತ್ತದೆ. ಅರ್ಧ ಗಂಟೆ ಗಾಳಿಯಾಡಿದ ಮೇಲೆ ಒಣಗಿದ ಚೆರ್ರಿಯ ಹುಳಿ ಮೇಲೆದ್ದು, ಒಗರು ನಾಲಿಗೆಯ ಅಂಚಿನಲ್ಲಿ ಮಾತ್ರ ಉಳಿಯುತ್ತದೆ. ಪೀಪಾಯಿಯ ವಾಸ ಈ ವೈನಿಗೆ ಒಗ್ಗಿದೆ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದರಲ್ಲಿ ಅರ್ಧ ಆ ಸಲ್ಫೈಟ್ ಸಾಲಿಗೆ, ಇನ್ನರ್ಧ ಚಿನ್ನದ ಅಕ್ಷರಗಳಿಗೆ.