ಮೈಸೂರಿನ ಮನೆ ಸಾಮಾನು ಮೆಲ್ಬರ್ನ್‌ಗೆ: ಮೂವರ್ಸ್ ಸೇವೆ ಬಗ್ಗೆ ಎರಡು ವರ್ಷದ ನಂತರ

ರೇಟಿಂಗ್: 5ಕ್ಕೆ 3. ಬರೀ ಪ್ಯಾಕಿಂಗ್ ಕೇಳಿದರೆ 5 ಕೊಡುತ್ತೇನೆ. ಪ್ಯಾಕಿಂಗ್ ಲಿಸ್ಟ್ ಬರೆದ ರೀತಿಗೆ 1 ಕೂಡ ಜಾಸ್ತಿ.

ನಾವಿಬ್ಬರೂ ನಿವೃತ್ತರು. ಮಕ್ಕಳಿರುವ ಆಸ್ಟ್ರೇಲಿಯಾದಲ್ಲಿ ನೆಲೆಸಲು ತಂದೆತಾಯಿಗೆ ಕೊಡುವ 143 ಪೇರೆಂಟ್ ವೀಸಾ ಸಿಕ್ಕ ಮೇಲೆ ಮಗಳಿರುವ ಮೆಲ್ಬರ್ನ್‌ಗೆ ಬಂದು ನೆಲೆಸಿದೆವು. ಇಡೀ ಕಂಟೇನರ್ ತುಂಬುವಷ್ಟು ಸಾಮಾನು ಇರಲಿಲ್ಲ. ಹಾಗಾಗಿ ಬೇರೆಯವರ ಸಾಮಾನಿನ ಜೊತೆ ಹಂಚಿಕೊಂಡು ಹೋಗುವ ಎಲ್‌ಸಿಎಲ್ ಆಯ್ಕೆ ಮಾಡಿದೆವು. ಇದರಲ್ಲಿ ಸಾಮಾನ್ಯವಾಗಿ ತೂಕ ನೋಡುವುದಿಲ್ಲ, ಎಷ್ಟು ಜಾಗ ಹಿಡಿಯುತ್ತದೆ ಅಂತ ಘನ ಮೀಟರ್ ಲೆಕ್ಕದಲ್ಲಿ ದುಡ್ಡು. ಹಿತ್ತಾಳೆ ಪಾತ್ರೆ, ಪುಸ್ತಕ ಇದ್ದವರಿಗೆ ಲಾಭ. ಸೋಫಾ ಇದ್ದವರಿಗೆ ನಷ್ಟ.

ಸಾಮಾನು ನೋಡಿ ಲೆಕ್ಕ ಹಾಕಲು ಮೂವರ್ಸ್ ಕಡೆಯಿಂದ ಮನೆಗೆ ಬಂದ ಸರ್ವೇಯರ್ ನಿಜಕ್ಕೂ ವಿಷಯ ತಿಳಿದವರು. ನಮ್ಮತ್ತೆಯ ಕಾಲದ ದೊಡ್ಡ ದೀಪದ ಕಂಬ ನೋಡಿ, "ಮೇಡಂ, ಇದು ನೂರು ವರ್ಷ ದಾಟಿದ್ದರೆ ದೇಶದಿಂದ ಆಚೆ ಒಯ್ಯುವಂತಿಲ್ಲ" ಅಂದರು. 1972ರ ಕಾಯ್ದೆ ಅದು. ಅನುಮಾನ ಇದ್ದರೆ ಪುರಾತತ್ವ ಇಲಾಖೆಯಿಂದ ಪ್ರಾಚೀನ ವಸ್ತುವಲ್ಲ ಅಂತ ಪತ್ರ ತರಬೇಕು. ದೀಪ ಮೈದುನನ ಮನೆಯಲ್ಲೇ ಉಳಿಯಿತು. ಬೀಟೆ ಮರದ ಟೀಪಾಯಿಯನ್ನೂ ಅವರೇ ಬೇಡ ಅಂದರು. ಬೀಟೆ 2017ರಿಂದ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ಅಳಿವಿನ ಅಪಾಯದ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ. ಚಿಕ್ಕಪುಟ್ಟ ವಸ್ತುಗಳಿಗೆ, ಒಟ್ಟು ಮರ 10 ಕೆಜಿ ಒಳಗಿದ್ದರೆ, ರಿಯಾಯಿತಿ ಇದೆ. ನಮ್ಮ ಟೀಪಾಯಿ ಎತ್ತೋಕೇ ಇಬ್ಬರು ಬೇಕು.

ತೆರಿಗೆ ವಿಷಯ ಸುಲಭ. ಇಲ್ಲಿಗೆ ನೆಲೆಸಲು ಬರುವವರು 12 ತಿಂಗಳಿಗಿಂತ ಹೆಚ್ಚು ಕಾಲ ಹೊರಗೆ ಇಟ್ಟುಕೊಂಡು ಬಳಸಿದ ಸಾಮಾನಿಗೆ ಸುಂಕವೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಹೊರಡುವ ಮುಂಚೆ ಹೊಸ ಕುಕ್ಕರ್, ಹೊಸ ಮಿಕ್ಸಿ ಕೊಂಡು ತುಂಬಿಸುವವರು ಇದನ್ನು ನೆನಪಿಡಿ.

ಆಸ್ಟ್ರೇಲಿಯಾದಲ್ಲಿ ನಿಜವಾದ ತಲೆನೋವು ಬಯೋಸೆಕ್ಯುರಿಟಿ, ಅಂದರೆ ಹೊರಗಿನ ಹುಳ, ರೋಗ ಒಳಗೆ ಬಾರದಂತೆ ಮಾಡುವ ತಪಾಸಣೆ. ಬಿ534 ಅನ್ನುವ ಫಾರಂನಲ್ಲಿ ಎಲ್ಲ ಹೇಳಬೇಕು. ಅದರ ಜೊತೆ ಹೋಗುವುದು ಮೂವರ್ಸ್ ಬರೆದ ಪ್ಯಾಕಿಂಗ್ ಲಿಸ್ಟ್. ಪ್ಯಾಕಿಂಗ್‌ಗೆ ಬಂದ ಹುಡುಗರು ಏನು ಬರೆದರು ಗೊತ್ತಾ? "ಕಿಚನ್ ಐಟಮ್ಸ್", "ಪೂಜಾ ಐಟಮ್ಸ್". ಅಷ್ಟೇ. ಹತ್ತಾರು ಡಬ್ಬಕ್ಕೆ ಇದೇ ಎರಡು ಪದ. ಅಧಿಕಾರಿಗಳು ಬಿಚ್ಚಿ ನೋಡದೆ ಇರುತ್ತಾರಾ? ನೋಡಿದ ಸಮಯಕ್ಕೆಲ್ಲ ಶುಲ್ಕ ನಮ್ಮದೇ.

ಬಿಚ್ಚಿದರೆ ಒಳಗೆ ನಮ್ಮ ಸಾಂಬಾರ ಡಬ್ಬಿ! ತಂಗಿಗೆ ಕೊಡೋಕೆ ಅಂತ ಪಕ್ಕಕ್ಕೆ ಎತ್ತಿಟ್ಟು, ಇದು ಬೇಡ ಅಂತ ಹೇಳಿದ್ದನ್ನೂ ಸುತ್ತಿ ತುಂಬಿದ್ದರು. ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಅಕ್ಕಿ, ಕಡಲೆ, ಬೇಳೆ ಇವ್ಯಾವುವೂ ಮನೆ ಸಾಮಾನಿನ ಜೊತೆ ಬರುವಂತಿಲ್ಲ. ಖಾಪ್ರಾ ಅನ್ನುವ ಕಾಳಿನ ಹುಳ ಒಳಗೆ ಬರಬಾರದು ಅಂತ 2020ರಲ್ಲಿ ತಂದ ನಿಯಮ. ಇಲ್ಲಿನ ಗೋಧಿ ದಾಸ್ತಾನಿಗೆ ಆ ಹುಳ ಸೇರಿದರೆ ರಫ್ತಿಗೇ ಏಟು ಬೀಳುತ್ತದೆ, ಅವರ ಭಯ ಸುಮ್ನೆ ಅಲ್ಲ. ಪೂಜೆಯ ಡಬ್ಬದಲ್ಲಿದ್ದ ದರ್ಭೆ, ಬೆರಣಿ ಕೂಡ ಹೋಯಿತು. ನಾಶ ಮಾಡುವ ಖರ್ಚೂ ನಮ್ಮ ತಲೆಗೆ.

"ಡೋರ್ ಟು ಡೋರ್" ಅಂದಿದ್ದ ಕೊಟೇಶನ್‌ನ ಕೊನೆಯಲ್ಲಿ, ಮೆಲ್ಬರ್ನ್ ಬಂದರಿನ ಚಾರ್ಜು ಮತ್ತು ತಪಾಸಣೆ ಶುಲ್ಕ ಬೇರೆ ಅಂತ ಇರುವೆ ಅಕ್ಷರದಲ್ಲಿತ್ತು. ಎರಡಕ್ಕೂ ಗರಿಷ್ಠ ಎಷ್ಟು ಅಂತ ಇಮೇಲಿನಲ್ಲಿ ಬರೆಸಿಕೊಳ್ಳಿ. ನಮಗೆ ಕಸ್ಟಮರ್ ಕೇರ್ ತಿಂಗಳುಗಟ್ಟಲೆ "ನೋಡ್ತೀವಿ ಮೇಡಂ" ಅಂದಿತು. ಆಮೇಲೆ ಸಾಂಬಾರ ಡಬ್ಬಿಯ ಖರ್ಚು ಮಾತ್ರ ವಾಪಸ್ ಬಂತು.

ಈಗ ಬಳಕೆಯ ಮಾತು. ದಿನಾ ಕೆಲಸಕ್ಕೆ ಬರುತ್ತಿರುವುದು ವೆಟ್ ಗ್ರೈಂಡರ್. ಇಲ್ಲಿಯೂ 230 ವೋಲ್ಟ್, 50 ಹರ್ಟ್ಜ್, ನಮ್ಮ ಕಡೆಯ ಹಾಗೇ. ಪ್ಲಗ್ ಮಾತ್ರ ಬೇರೆ, ಎಲೆಕ್ಟ್ರಿಷಿಯನ್ ಬದಲಾಯಿಸಿಕೊಟ್ಟರು. ಅಮೆರಿಕಕ್ಕೆ ಹೋಗುವವರಿಗೆ ಈ ಸುಖ ಇಲ್ಲ, ಅಲ್ಲಿ 120 ವೋಲ್ಟ್. ಚಕ್ಕುಲಿ ಒರಳು, ಹಿತ್ತಾಳೆ ಕೊಳಗ, ಯಜಮಾನರ ಪುಸ್ತಕಗಳು ಎಲ್ಲ ಚೆನ್ನಾಗಿ ಬಂದವು. ಹಿತ್ತಾಳೆಯ ಒಂದು ಪಾತ್ರೆಗೂ ಏಟು ಬಿದ್ದಿಲ್ಲ. ಹುಲ್ಲು ಬಳಸದೆ ಪೇಪರ್, ಬಬಲ್ ಶೀಟಿನಲ್ಲೇ ಸುತ್ತಿದ್ದರು, ಅದಕ್ಕೆ ಆ ಹುಡುಗರನ್ನು ಮೆಚ್ಚಬೇಕು. ಹುಲ್ಲು ಸಿಕ್ಕಿದ್ದರೆ ಇನ್ನೊಂದು ರಗಳೆ.

ತೇಗದ ಮಂಚ ಮತ್ತು ಕಬ್ಬಿಣದ ಬೀರು ದಂಡ. ಮಂಚಕ್ಕೆ ಇಲ್ಲಿನ ಹಾಸಿಗೆಯ ಅಳತೆ ಕೂಡುವುದಿಲ್ಲ. ಬೀರುವಿಗೆ ಜಾಗವೇ ಇಲ್ಲ, ಪ್ರತಿ ಕೋಣೆಗೂ ಗೋಡೆಯಲ್ಲೇ ವಾರ್ಡ್‌ರೋಬ್ ಇದೆ. ಅವೆರಡೇ ಸಾಗಾಟದ ದುಡ್ಡಿನಲ್ಲಿ ಅರ್ಧ ತಿಂದವು.

ಪಿಂಗಾಣಿ ಸೆಟ್ಟಿನಲ್ಲಿ ಕೆಲವು ಒಡೆದಿದ್ದವು. ಇನ್ಶೂರೆನ್ಸ್ ಇತ್ತು, ಆದರೆ ಪೂರ್ತಿ ಹಣ ಬರಲಿಲ್ಲ. ಕಾರಣ ಅದೇ "ಕಿಚನ್ ಐಟಮ್ಸ್". ಒಂದೊಂದರ ಬೆಲೆ ಬರೆದಿಲ್ಲ, ಹಾಗಾಗಿ ಅವರಿಗೆ ತೋಚಿದಷ್ಟು ಕೊಟ್ಟರು.

ಇನ್ನೊಮ್ಮೆ ಇವರನ್ನೇ ಕರೆಯುತ್ತೇನಾ? ಸರ್ವೇಯರ್ ಅವರೇ ಆದರೆ ಹೂಂ. ಆದರೆ ಪ್ಯಾಕಿಂಗ್ ದಿನ ಲಿಸ್ಟ್ ಪುಸ್ತಕ ನನ್ನ ಕೈಯಲ್ಲಿರುತ್ತದೆ: "ಸ್ಟೀಲ್ ಡಬ್ಬ 6, ಖಾಲಿ, ತೊಳೆದದ್ದು, ಪಿಂಗಾಣಿ ತಟ್ಟೆ 12, ಬೆಲೆ ಇಷ್ಟು" ಅಂತ. ಇನ್ನೊಂದು ಮಾತು, ಸಾಮಾನು ಬಂದ ಮೇಲೆ ಡಬ್ಬಗಳನ್ನು ಗ್ಯಾರೇಜಿಗೆ ತಳ್ಳಿ ಮರೆಯಬೇಡಿ. ಕ್ಲೇಮಿಗೆ ಗಡುವು ಇರುತ್ತದೆ, ಪಾಲಿಸಿಯಲ್ಲಿ ಮೊದಲೇ ನೋಡಿಕೊಳ್ಳಿ.